ಇಟ್ಟಂಗಿ ಹಿಡಿಸಿದ ಮಾಸ್ತರು

ವಿಜ್ಞಾನದ ಮಾಸ್ತರು ತೀರಿಕೊಂಡರು ಅಂತ ಬನಹಟ್ಟಿಯಿಂದ ಫೋನ್ ಬಂದಾಗ ನಾನು ಬಳ್ಳೊಳ್ಳಿ ಸುಲಿಯಾಕತ್ತಿದ್ದೆ. ಸುಲಿಯೂದು ಬಿಡಲಿಲ್ಲ. ಬಿಟ್ಟರ ಹೋದವರು ತಿರುಗಿ ಬರತಾರೇನು? ಆದ್ರ ಆವತ್ತು ಸಾರಿಗೆ ಬಳ್ಳೊಳ್ಳಿ ಭಾಳ ಬಿತ್ತು. ಸೊಸಿ ಒಂದು ತುತ್ತು ಉಂಡು, "ಅತ್ತಿ, ಇದು ಸಾರೋ ಔಷಧಾನೋ?" ಅಂದಳು. ಸುಮ್ಮ ಉಣ್ಣು ಅಂದೆ.

ಅವರ ನೆನಪಿಗೆ ಒಂದು ಪುಸ್ತಕ ಮಾಡತೇವಿ, ಸಾಲ್ಯಾಗ ಬಿಸಿಊಟ ಮಾಡತಿದ್ದಾಕಿ ನೀನೂ ನಾಕು ಮಾತು ಬರಿ ಅಂತ ಸಾಲಿಯವರು ಗಂಟು ಬಿದ್ದಾರ. ನನ್ನ ಅಕ್ಷರ ಕೋಳಿ ಕೆದರಿದಂಗ ಅದಾವ. ಇರಲಿ. ಉಳಿದವರು 'ಜ್ಞಾನದ ದೀಪ ಆರಿತು' ಅಂತ ಬರೀತಾರ, ಅದು ನನಗ ಗೊತ್ತೈತಿ. ಅವರು ದೀಪ ಅಲ್ಲ. ದೀಪ ಸುಮ್ಮ ಉರೀತೈತಿ, ಇವರು ಬಾಯಿ ಭಾಳ ಮಾಡತಿದ್ರು. ಹೆಸರು ನಾ ಹಾಕಂಗಿಲ್ಲ. ಇದ್ದಾಗ ಮಾಸ್ತರ ಅಂತ ಕರದಾಕಿ, ಸತ್ತಾಗ ಹೆಸರು ಹಿಡಿಯೂದು ಯಾವ ನ್ಯಾಯ?

ಮಾಸ್ತರು ಒಣಗಿದ ಜ್ವಾಳದ ದಂಟಿನಂಗ ಇದ್ರು. ಗಾಳಿ ಜೋರ ಬೀಸಿದ್ರ ಸೈಕಲ್ ಸಮೇತ ವಾಲತಿದ್ರು. ಆದ್ರ ಆ ಮೈಯಾಗಿಂದ ಬರೂ ದನಿ ಮಾತ್ರ ಕಾರ್ಖಾನಿ ಭೋಂಗಾ. ಹುಟ್ಟಿ ಬೆಳದದ್ದು ಬನಹಟ್ಟಿಯಾಗ, ಮನಿ ತುಂಬ ಮಗ್ಗ. ಖಡಾಖಡ ಖಡಾಖಡ ಅಂತ ಮುಂಜಾನಿಂದ ಸಂಜಿತನಕ ನಡದಿರತಿದ್ದವಂತ. ಆ ಮನಿಯಾಗ ಉಪ್ಪು ಬೇಕಂದ್ರೂ ಒದರಬೇಕು, ಉಪ್ಪು ಬ್ಯಾಡಂದ್ರೂ ಒದರಬೇಕು. ಅದ ರೂಢಿ ನಮ್ಮ ಸಾಲಿಗೂ ತಂದ್ರು. ಮಧ್ಯಾಹ್ನ ನನ್ನ ಅಡಿಗಿ ಖೋಲಿ ಬಾಗಲದಾಗ ನಿಂತು, ಯಾರಿಗೂ ಕೇಳಬಾರದು ಅಂತ ಗುಟ್ಟಾಗಿ, "ಅಕ್ಕಾರ, ಬ್ಯಾಳ್ಯಾಗ ಉಪ್ಪು ಇಲ್ಲ" ಅನ್ನೂರು. ಬಸ್ ಸ್ಟ್ಯಾಂಡಿನಾಗ ಕುಂತ ಮಂದಿಗೆ ಗೊತ್ತಾಗತಿತ್ತು, ಇವತ್ತು ಸಾಲಿ ಬ್ಯಾಳಿಗೆ ಉಪ್ಪಿಲ್ಲ ಅಂತ.

ಬೀಡಿ ಸೇದೂರು ಕಿವ್ಯಾಗ ಬೀಡಿ ಸಿಗಿಸಿಕೊಂಡಂಗ ಅವರು ಬೋರ್ಡಿಗೆ ಬರಿಯೂ ಖಡು ಸಿಗಿಸಿಕೋತಿದ್ರು. ಖುಷಿ ಆದ್ರ ಚಪ್ಪಲಿ ಬಿಡತಿದ್ರು. ಯಾಕಂತ ನಾ ಕೇಳಿಲ್ಲ. ಸಿಟ್ಟು ಬಂದ್ರ ಹುಡುಗರಿಗೆ ಬಡೀತಿದ್ದಿಲ್ಲ, ತಾವ ಉಸಿರು ಹಿಡಕೊಂಡು ನಿಲ್ಲತಿದ್ರು. ಮಾರಿ ಕೆಂಪಾಗಿ, ಆಮ್ಯಾಲ ಬದನಿಕಾಯಿ ಬಣ್ಣಕ್ಕ ತಿರಗತಿತ್ತು. ಹುಡುಗರು ಹೆದರಿ, "ತಪ್ಪಾತ್ರಿ ಸರ, ಉಸಿರು ಬಿಡ್ರಿ, ಇನ್ನ ಮಾಡಂಗಿಲ್ರಿ" ಅಂತ ಕೈ ಮುಗೀತಿದ್ರು. ಬೆತ್ತಕ್ಕ ಹೆದರದ ಹುಡುಗರು ಮಾಸ್ತರು ಸತ್ತುಗಿತ್ತಾರು ಅಂತ ಹೆದರತಿದ್ರು.

ನಮ್ಮೂರಿನ ಸಂಗತಿ ಸ್ವಲ್ಪ ಹೇಳಬೇಕು, ಇಲ್ಲಂದ್ರ ಖೋಲಿ ಜಗಳ ತಿಳಿಯಂಗಿಲ್ಲ. ಹಳೇ ಊರು ಡ್ಯಾಮಿನ ಹಿನ್ನೀರಾಗ ಹೋತು. ಬೀಳಗಿ ಕಡೆ ದಿಬ್ಬದ ಮ್ಯಾಲ ಹೊಸಾ ಊರು ಕೊಟ್ರು. ರಸ್ತೆ ಎಲ್ಲಾ ನೆಟ್ಟಗ, ಮನಿ ಎಲ್ಲಾ ಒಂದ ನಮೂನಿ. ಕುಡದವರ ಸುದ್ದಿ ಬಿಡ್ರಿ, ಶಾಣ್ಯಾರು ಸುದ್ದಾ ಮೊದಮೊದಲು ಮಂದಿ ಮನಿ ಹೊಕ್ಕು "ಏನ ಅಡಿಗಿ ಮಾಡೀಯೇ" ಅಂತ ಕೇಳತಿದ್ರು. ಅಲ್ಲೊಂದು ಹೈಸ್ಕೂಲು. ಖೋಲಿ ಕಡಿಮಿ, ಹುಡುಗರು ಹೆಚ್ಚು. ಹೈಸ್ಕೂಲಿಗೂ ಬಿಸಿಊಟ ಬಂದಾಗ ನನ್ನ ಅಡಿಗಿಗೆ ಕರದ್ರು. ಅಡಿಗಿ ಮಾಡಾಕ ಸಣ್ಣ ಖೋಲಿ ಕೊಟ್ರು, ಅಕ್ಕಿ ಬ್ಯಾಳಿ ಚೀಲ ಇಡಾಕ ಜಾಗಾ ಕೊಡಲಿಲ್ಲ. ಚೀಲ ಪಡಸಾಲ್ಯಾಗ. ಹಗಲೆಲ್ಲಾ ಆಡು, ಕತ್ತಲಾದ್ರ ಇಲಿ. ಆಡಿಗೆ ನಾನು ಕಲ್ಲು ಒಗೀತಿದ್ದೆ. ಇಲಿಗೆ ಏನ್ ಒಗೀಲಿ?

ಪಡಸಾಲಿ ಕಡೀಗೆ ಒಂದು ಖೋಲಿ ಖಾಲಿ ಇತ್ತು. ಅದರ ಮ್ಯಾಲ ನನ್ನ ಕಣ್ಣು. ಮಾಸ್ತರ ಕಣ್ಣೂ ಅದರ ಮ್ಯಾಲನ. ಅವರು ಒಂದಿನ ಸದ್ದಿಲ್ಲದ ಬಾಗಲ ಮ್ಯಾಲ ಮೊಳಿ ಹೊಡದು 'ಪ್ರಯೋಗಾಲಯ' ಅಂತ ಹಲಗಿ ತೂಗಿಬಿಟ್ರು. ಸದ್ದಿಲ್ಲದ ಅಂದ್ರ ಅವರ ಲೆಕ್ಕದಾಗ. ಸುತ್ತಿಗಿ ಬಡಿಯೂ ಮುಂದ ಹಾಡತಿದ್ರು. ಮರುದಿನ ನಾ ಹೋಗಿ ಅದ ಮೊಳಿಗೆ ಅಕ್ಕಿ ಕೇರೂ ನನ್ನ ಮರ ತೂಗಿ ಹಾಕಿದೆ. ಹಲಗಿ ಮುಚ್ಚಿ ಹೋತು.

"ಅಕ್ಕಾರ, ಇದು ವಿಜ್ಞಾನದ ಖೋಲಿ."

"ಒಳಗ ವಿಜ್ಞಾನ ಎಲ್ಲೈತ್ರಿ ಮಾಸ್ತರ? ಜ್ಯಾಡರ ಬಲಿ ಐತಿ."

"ವಿಜ್ಞಾನ ಬರತೈತಿ."

"ಅಕ್ಕಿ ಬಂದೈತಿ."

ಹೆಡ್‌ಮಾಸ್ತರು ನಡುವ ಬಿದ್ರು. ಅವರು ಯಾವದಕ್ಕೂ ತಾವು ಒಂದು ಮಾತು ಹೇಳೂ ಮನಷ್ಯಾ ಅಲ್ಲ. "ತಿಂಗಳ ಕಡೀಗೆ ಸಾಲಿ ಕಮಿಟಿ ಬರತೈತಿ. ಖೋಲ್ಯಾಗ ಖರೇನ ವಿಜ್ಞಾನ ನಡದಿದ್ರ ಮಾಸ್ತರಿಗೆ, ಇಲ್ಲಂದ್ರ ಅಕ್ಕಿಗೆ" ಅಂದು ಚಹಾ ಕುಡ್ಯಾಕ ಹೋದ್ರು.

ಅವತ್ತಿಂದ ಮಾಸ್ತರಿಗೆ ಹುಚ್ಚು ಹತ್ತಿತು. ಕಮಿಟಿಗೆ ಏನ್ ತೋರಸೂದು? ಸಾಮಾನ ಏನೂ ಇಲ್ಲ. ಒಂದು ಬಾಟಲಿ ಐತಿ, ಒಂದು ಮುರಕ ಮೇಜು ಐತಿ. ಹುಡುಗರ ಪಾಠದಾಗ ಆಗ ಅದ ನಡದಿತ್ತಂತ, ಗಾಳಿ ಸಾಲದಾಗ ಜೀವ ಹೆಂಗ ದುಡೀತೈತಿ ಅನ್ನೂದು. ಅದನ್ನ ತೋರಸತೇನಿ ಅಂತ ಹೊಂಟ್ರು. ಮೊದಲು ನನ್ನ ಮ್ಯಾಲ ತಾಲೀಮು ಮಾಡಿದ್ರು. ನಾನು ಎದುರು ಪಾರ್ಟಿ ಅನ್ನೂದ ಅವರಿಗೆ ನೆನಪಿಲ್ಲ.

ಗ್ಯಾಸು ತಡಾ ಆಗಿತ್ತು ಅವತ್ತು. ಹಸಿ ಕಟ್ಟಿಗಿ ಹಾಕಿ ಊದುಗೊಳವಿಯಿಂದ ಊದಿ ಊದಿ ನನ್ನ ಕಣ್ಣಾಗ ನೀರು. ಇವರು ಬಂದು ಬಾಗಲದಾಗ ಕುಂತು ಚಾಲೂ ಮಾಡಿದ್ರು. ನಮ್ಮ ಮೈಯಾಗ ಕಣ್ಣಿಗೆ ಕಾಣದಂಥಾ ಸಣ್ಣ ಸಣ್ಣ ಖೋಲಿ ಅದಾವಂತ, ಜೀವಕೋಶ ಅಂತಾರಂತ. ಒಂದೊಂದು ಖೋಲ್ಯಾಗೂ ಒಂದೊಂದು ಒಲಿ. ಉಂಡದ್ದು ಸಕ್ಕರಿ ಆಗಿ ಅಲ್ಲಿಗೆ ಹೋಗತೈತಿ, ಉಸಿರಿನಾಗಿನ ಗಾಳಿ ಅಲ್ಲಿಗೆ ಹೋಗತೈತಿ, ಎರಡೂ ಕೂಡಿ ಉರದು ಕೈಕಾಲಿಗೆ ಶಕ್ತಿ ಬರತೈತಿ.

"ಎಲ್ಲಾರ ಮೈಯಾಗೂ ಅಷ್ಟೊಂದು ಖೋಲಿ ಅದಾವು, ನನ್ನ ಅಕ್ಕಿಗೆ ಒಂದು ಇಲ್ಲ" ಅಂದೆ.

ಅವರು ಕೇಳಿಸಿಕೊಳ್ಳಲಿಲ್ಲ. "ಓಡತೀರಿ ಅಂತ ತಿಳೀರಿ ಅಕ್ಕಾರ. ನಾಯಿ ಬೆನ್ನ ಹತ್ತೈತಿ. ಗಾಳಿ ಸಾಲಾಂಗಿಲ್ಲ. ಆಗ ಒಲಿ ಏನ್ ಮಾಡಬೇಕು?"

"ಏನ್ ಮಾಡತೈತಿ, ಆರತೈತಿ. ಇಲ್ಲಿ ನೋಡ್ರಿ, ಊದೂದು ಬಿಟ್ಟೆ, ಆರೇತಿ. ನಿಮ್ಮ ಮಾತು ಕೇಳಕೋತ ಕುಂತು ಆರೇತಿ."

ಮಾಸ್ತರು ಹಣಿ ಹಣಿ ಬಡಕೊಂಡ್ರು, ಖುಷಿಗೆ. ಚಪ್ಪಲಿ ಬಿಟ್ರು. "ಅಲ್ಲೇ ಐತಿ ನೋಡ್ರಿ ಚಮತ್ಕಾರ! ಇದು ಆರಂಗಿಲ್ಲ! ಗಾಳಿ ಇಲ್ಲದನ ಸಕ್ಕರಿ ಅರ್ಧಮರ್ಧ ಸುಡತೈತಿ. ಲಗೂ ಸುಡತೈತಿ, ಆದ್ರ ಹುಟ್ಟೂ ಶಕ್ತಿ ಚೂರು. ಗಾಳಿ ಇದ್ದಾಗ ಒಂದು ಚೀಲ ಅಕ್ಕಿ ಇಡೀ ಸಾಲಿಗೆ ಸಾಕಾಗತೈತಿ ಅಂತ ತಿಳೀರಿ. ಗಾಳಿ ಇಲ್ಲದಾಗ ಅದ ಚೀಲದಾಗ ಒಂದು ಪಂಕ್ತಿ ಎದ್ದರ ಮುಗೀತು."

"ಉಳಿದ ಅಕ್ಕಿ?"

"ಅದು ಪೂರಾ ಸುಡಲಾರದ ಹುಳಿ ಆಗಿ ಉಳೀತೈತಿ. ಹಾಲು ಮೊಸರ ಆಗೂ ಮುಂದ ಬರೂ ಹುಳಿ ಐತೆಲ್ಲ, ಅದ ಹುಳಿ. ಓಡಿದಾಗ ತೊಡಿ ಉರಿಯೂದು ಅದ ಹೊತ್ತಿನಾಗ."

"ಅಂದ್ರ ನನ್ನ ತೊಡ್ಯಾಗ ಮೊಸರು ಐತಿ ಅಂತೀರಿ."

"ಮೊಸರಲ್ಲರಿ, ಮೊಸರಿನ ಹುಳಿ!"

ಊರಿಗೆಲ್ಲಾ ಕೇಳಿತು. ಒಂದು ವಾರ ನಾನು ನೀರಿಗೆ ಹೋದ್ರ ಹೆಣ್ಣಮಕ್ಕಳು, "ಯಕ್ಕಾ, ತೊಡ್ಯಾಗಿಂದು ಒಂದು ಬಟ್ಟಲ ಮಜ್ಜಿಗಿ ಕೊಡ" ಅಂತ ನಕ್ಕರು.

ಅಷ್ಟಕ್ಕ ಬಿಡಲಿಲ್ಲ. ಶನಿವಾರ ಸಾಲಿ ಬಿಟ್ಟ ಮ್ಯಾಲ ಬನಹಟ್ಟಿಗೆ ಹೆಂಡತಿ ಮಕ್ಕಳ ನೋಡಾಕ ಹೋದಾವರು, ಬರೂ ಮುಂದ ಜಮಖಂಡಿ ಬೇಕರಿಯಿಂದ ಬ್ರೆಡ್ಡು ಉಬ್ಬಸೂ ಈಸ್ಟು ತಂದ್ರು, ಮುಧೋಳ ಬೆಲ್ಲ ತಂದ್ರು, ಒಂದು ಕೆಂಪು ಬಲೂನು ತಂದ್ರು. ಮಕ್ಕಳಿಗೆ ಏನ್ ಒಯ್ದಿದ್ರೋ ಗೊತ್ತಿಲ್ಲ. ಬಾಟಲ್ಯಾಗ ಬೆಲ್ಲದ ನೀರು, ಅದರಾಗ ಆ ಈಸ್ಟು, ಬಾಯಿಗೆ ಬಲೂನು. ಅದರಾಗೂ ಜೀವ ಐತಂತ. ಗಾಳಿ ಸಾಲದಿದ್ರ ಅದು ನಮ್ಮಂಗ ಹುಳಿ ಮಾಡಂಗಿಲ್ಲ, ಕುಡಿಯೂ ಸೆರೆ ಮಾಡತೈತಂತ, ಜೋಡಿ ಒಂದು ಗಾಳಿ ಬಿಡತೈತಂತ, ಆ ಗಾಳಿಗೆ ಬಲೂನು ಉಬ್ಬತೈತಂತ. ಕಮಿಟಿ ಬರೂ ಮುಂಜಾನಿ ನಾ ಇಣಿಕಿ ನೋಡಿದೆ. ಬಲೂನು ಗೌಡಸಾನಿ ಹಂಗ ಉಬ್ಬಿ ನಿಂತಿತ್ತು. ಖೋಲಿ ಹೋತು ಅನಿಸಿತು.

ಕಮಿಟಿ ಬಂತು. ಅಧ್ಯಕ್ಷರು ಒಂದು ಕಾಲಕ್ಕ ಪೈಲವಾನರು. ಜಮಖಂಡಿ, ಮುಧೋಳ, ತೇರದಾಳ, ಎಲ್ಲಾ ಕಡೆ ಕುಸ್ತಿ ಹಿಡದಾವರು. ಈಗ ಎದಿ ಹೊಟ್ಟಿಗೆ ಇಳದಿತ್ತು, ಮೀಸಿ ಮಾತ್ರ ಇದ್ದಲ್ಲೇ ಇತ್ತು. ಅವರ ಹಿಂದ ನಾಕಾರು ಮಂದಿ, ಹೆಡ್‌ಮಾಸ್ತರು, ಕಿಟಕಿ ತುಂಬ ಹುಡುಗರು, ಬಾಗಲದಾಗ ನಾನು. ಸೌಟು ಕೈಯಾಗ ಹಿಡಕೊಂಡ ನಿಂತಿದ್ದೆ. ನನ್ನ ಕಡೀಂದ ಅಕ್ಕಿ ಪರವಾಗಿ ಮಾತಾಡೂರು ಬ್ಯಾರೆ ಯಾರಿದ್ರು?

ಮಾಸ್ತರು ಒಂದು ಇಟ್ಟಂಗಿ ಎತ್ತಿ ತೋರಿಸಿದ್ರು. "ಇದನ್ನ ಯಾರರ ಕೈ ನೆಟ್ಟಗ ಚಾಚಿ ಹಿಡಕೊಂಡು ನಿಲ್ಲತೀರೇನ್ರಿ?"

ಪೈಲವಾನರು ನಕ್ಕರು. "ಇಟ್ಟಂಗಿ? ನಾ ಗುಂಡುಕಲ್ಲು ಎತ್ತಿದಾಂವ ಸರ. ಮಕ್ಕಳಾಟಾ ಹಚ್ಚೀರೇನು? ಕೊಡ್ರಿಲ್ಲಿ." ಅಂಗಿ ತೋಳು ಮಡಚಿ, ಇಟ್ಟಂಗಿ ಹಿಡದು ಕೈ ಚಾಚಿ ನಿಂತ್ರು.

ಇಲ್ಲೇ ಮಾಸ್ತರು ತಪ್ಪು ಮಾಡಿದ್ದು. ಪೈಲವಾನ ಮನಷ್ಯಾಗ, ಅದೂ ಹುಡುಗರು ನೋಡಾಕತ್ತಾಗ, ಬಾಗಲದಾಗ ಹೆಣ್ಣಮಗಳು ನಿಂತಾಗ, ಏನರ ಎತ್ತಾಕ ಹೇಳಬಹುದು. ಇಳಸಾಕ ಹೇಳಾಕ ಬರಂಗಿಲ್ಲ.

ಮಾಸ್ತರು ಹೇಳಾಕ ಚಾಲೂ ಮಾಡಿದ್ರು. ತೋಳು ಬಿಗಿ ಹಿಡದಾಗ ಒಳಗಿನ ರಗತದ ದಾರಿ ಹಿಚುಕತೈತಿ, ಗಾಳಿ ಬರೂದು ಕಡಿಮಿ ಆಕ್ಕತಿ, ಆದ್ರ ಖೋಲಿಯೊಳಗಿನ ಒಲಿ ಆರಂಗಿಲ್ಲ, ಸಕ್ಕರಿ ಅರ್ಧ ಸುಟ್ಟು ಹುಳಿ ಏರತೈತಿ.

"ಏರಾಕತ್ತೈತೇನ್ರಿ ಅಧ್ಯಕ್ಷರ?"

"ಏನೂ ಏರಿಲ್ಲ. ನಡಸ್ರಿ."

ಹಣಿ ಮ್ಯಾಲ ಬೆವರು ಮೂಡಿತ್ತು.

"ಸಾಕಾದ್ರ ಇಳಸ್ರಿ."

"ಯಾರಿಗೆ ಸಾಕಾತು? ನಿಮಗ ಸಾಕಾತೇನು?"

ನಾ ಸುಮ್ಮ ಇರಬೇಕಿತ್ತು. ಇರಲಿಲ್ಲ. "ಪೈಲವಾನ್ರ, ಮೀಸಿ ನಡಗಾಕತ್ತೈತ್ರಿ" ಅಂದೆ.

"ಅದು ಗಾಳಿಗೆ ಬೇ!"

ಖೋಲ್ಯಾಗ ಕಿಟಕಿ ಅಷ್ಟೂ ಹುಡುಗರು ತುಂಬಿದ್ರು. ಗಾಳಿ ಎಲ್ಲಿಂದ ಬರಬೇಕು?

ಮಾಸ್ತರಿಗೆ ಒಂದು ರೋಗ ಇತ್ತು. ಹೇಳಕೋತ ಹೋದ್ರ ಯಾರಿಗೆ ಹೇಳಾಕತ್ತೇನಿ ಅನ್ನೂದ ಮರೀತಿದ್ರು. ಕಿವ್ಯಾಗಿನ ಖಡು ತಗೊಂಡು ಬೋರ್ಡಿನ ಕಡೆ ತಿರುಗಿ ಸಕ್ಕರಿ ಚಿತ್ರ ತಗ್ಯಾಕ ಹತ್ತಿದ್ರು. ಹಿಂದ ಪೈಲವಾನರ ತೋಳು ಥರಾಥರ. ಬಿಳೀ ಅಂಗಿ ಬೆನ್ನಿಗೆ ಅಂಟಿತ್ತು. ಹಲ್ಲು ಕಚ್ಚಿದ್ರು, ಕಣ್ಣು ಮುಚ್ಚಿದ್ರು, ಒಂದು ಸಲ ದೇವರ ಹೆಸರೂ ಹಿಡದ್ರು. ಕೈ ಇಳಸಲಿಲ್ಲ. ಹೆಡ್‌ಮಾಸ್ತರು, "ಮಾಸ್ತರ... ಮಾಸ್ತರ..." ಅಂತ ಮೆಲ್ಲಕ ಕರದ್ರು. ಬನಹಟ್ಟಿ ಮಗ್ಗದ ಕಿವಿ, ಮೆಲ್ಲಕ ಕರದ್ರ ಕೇಳಸತೈತೇನು?

ಆಗ ಕಮಿಟ್ಯಾಗಿನ ಒಬ್ಬ ಮುದಕಪ್ಪ ಬಾಟಲಿ ಹತ್ರ ಹೋಗಿ ಮೂಗು ಇಟ್ಟಾ. ಒಮ್ಮೆ ಮೂಸಿದಾ. ಮತ್ತೊಮ್ಮೆ ಮೂಸಿದಾ. ಮಾರಿ ಅರಳಿತು. "ಸರ, ಈ ವಾಸನಿ ನಮ್ಮ ಬೀಗರದ್ದು" ಅಂದಾ.

ಎಲ್ಲಾರೂ ಹೋ ಅಂತ ನಕ್ಕರು. ಪೈಲವಾನರಿಗೂ ನಗಿ ತಡೀಲಿಲ್ಲ. ನಕ್ಕಿದ್ದ ತಡ ಕೈ ಬಿತ್ತು, ಇಟ್ಟಂಗಿ ಮುರಕ ಮೇಜಿಗೆ ಬಡೀತು, ಬಾಟಲಿ ಜಿಗೀತು, ಬಲೂನು ಕಳಚಿಕೊಂಡು ಪುರ್ರ್ ಅಂತ ಹೊಲಸು ಸಪ್ಪಳ ಮಾಡಕೋತ ಖೋಲಿ ತುಂಬ ಹಾರಿ, ಹೆಡ್‌ಮಾಸ್ತರ ಬೋಳು ತಲಿ ಮ್ಯಾಲ ಕುಂತು ಪ್ರಾಣ ಬಿಟ್ಟಿತು. ಕಿಟಕ್ಯಾಗಿನ ಹುಡುಗರು ಒಬ್ಬರ ಮ್ಯಾಲ ಒಬ್ಬರು ಬಿದ್ದು ನಕ್ಕರು.

ಪೈಲವಾನರ ನಗಿ ಮಾತ್ರ ಅಲ್ಲಿಗೇ ನಿಂತಿತ್ತು. ತೋಳು ಹಿಡಕೊಂಡು ನಿಂತಿದ್ರು. ನೆರದ ಮಂದಿ ನಗಾಕತ್ತಿದ್ದು ಬಲೂನಿಗೋ ತಮಗೋ ಅಂತ ಒಬ್ಬೊಬ್ಬರ ಮಾರಿ ನೋಡಿದ್ರು. ನಾ ಮನಸಿನಾಗ ಅಂದೆ, ಖೋಲಿ ನಂದಾತು. ಇವತ್ತ ಚೀಲ ಒಳಗ.

"ನಗಬ್ಯಾಡ್ರಿ" ಅಂದ್ರು ಪೈಲವಾನರು. "ಇಟ್ಟಂಗಿಗೆ ನಾ ಸೋತಿಲ್ಲ. ಇಡೀ ಜಿಲ್ಲಾದಾಗ ನನ್ನ ಕೈ ಯಾರೂ ಇಳಸಿಲ್ಲ, ಒಂದು ಇಟ್ಟಂಗಿ ಇಳಸತೈತೇನು? ಇಳಸಿದ್ದು ಈ ಸರ ಹೇಳಿದ ಹುಳಿ. ನಾ ಸೋತದ್ದು ವಿಜ್ಞಾನಕ್ಕ. ನನ್ನ ಸೋಲಿಸಿದ್ದಕ್ಕ ಒಂದು ಖೋಲಿನೂ ಇಲ್ಲಂದ್ರ ನನ್ನ ಮರ್ಯಾದಿ ಏನುಳೀತು? ಖೋಲಿ ವಿಜ್ಞಾನಕ್ಕ."

"ಮತ್ತ ಅಕ್ಕಿ?" ಅಂದೆ ನಾ.

"ಅಕ್ಕಿ ನನ್ನ ಸೋಲಿಸಿಲ್ಲಲ್ಲ ಬೇ!"

ಸೌಟು ಹಿಡಕೊಂಡು ತಿರುಗಿ ಬಂದೆ. ಆ ವಾರೆಲ್ಲಾ ಮಾಸ್ತರ ತಾಟಿಗೆ ಬ್ಯಾಳಿ ಮ್ಯಾಲಿನ ತಿಳಿ ನೀರು ಹಾಕಿದೆ. ಉಂಡು, ಬಸ್ ಸ್ಟ್ಯಾಂಡಿಗೆ ಕೇಳೂ ಹಂಗ, "ಛಲೋ ಆಗೇತ್ರಿ ಅಕ್ಕಾರ" ಅಂದ್ರು. ಅವರಿಗೆ ಜಗಳ ಆಡಾಕೂ ಬರತಿದ್ದಿಲ್ಲ.

ಸೋಮವಾರ ಮುಂಜಾನಿ ಬಂದು ನೋಡತೇನಿ, ಪಡಸಾಲ್ಯಾಗ ಚೀಲ ಇಲ್ಲ. ಕಳುವಾತು ಅಂತ ಒದರಿದೆ. ಖೋಲಿಯೊಳಗ ಮಾಸ್ತರು ಒಂದು ಅಕ್ಕಿ ಚೀಲದ ಮ್ಯಾಲ ಅಂಗಾತ ಬಿದ್ದಿದ್ರು. ಒಬ್ಬರ ಎಲ್ಲಾ ಚೀಲ ಎಳದು ಒಳಗ ತಂದಿದ್ರು. ಆ ದಂಟಿನಂಥಾ ಮೈ! ಬಾಯಿ ತಗದು ತೊಡಿ ಕಡೆ ಬಟ್ಟು ಮಾಡಿ, "ಅಕ್ಕಾರ... ಈಗ... ಇಲ್ಲಿ..." ಅಂದ್ರು.

"ಗೊತ್ತಾತ್ರಿ. ಹುಳಿ. ಸುಮ್ಮ ಬೀಳ್ರಿ."

ಉಸಿರು ಬಂದ ಮ್ಯಾಲ ಹೇಳಿದ್ರು, "ಬಾಕು ಮಂಜೂರಾಗಿಲ್ಲ. ಹುಡುಗರು ಕೂಡಾಕ ಏನರ ಬೇಕಲ್ಲ."

ಅಲ್ಲಿಂದ ಹತ್ತು ವರ್ಷ ಹಂಗ ನಡೀತು. ಹುಡುಗರು ಅಕ್ಕಿ ಚೀಲದ ಮ್ಯಾಲ ಕುಂತು ವಿಜ್ಞಾನ ಕಲತ್ರು. ತಿಂಗಳ ಮೊದಲಿಗೆ ಎತ್ತರ ಕುಂತಿರತಿದ್ರು, ಬೋರ್ಡು ಛಲೋ ಕಾಣತಿತ್ತು. ತಮ್ಮ ಕುರ್ಚಿ ತಾವ ಉಂಡಕೋತ ಉಂಡಕೋತ ತಿಂಗಳಾಖೈರಿಗೆ ನೆಲಕ್ಕ ಬರತಿದ್ರು. ತಿಂಗಳ ಕಡೀ ಪಾಠ ಈಗೂ ಯಾರಿಗೂ ನೆನಪಿಲ್ಲಂತ. ನಾನು ಇದ್ದಲಿ ತಗೊಂಡು ಅವರ ಹಲಗಿ ಕೆಳಗ ನನ್ನ ಕೋಳಿ ಅಕ್ಷರದಾಗ 'ಮತ್ತು ಅಕ್ಕಿ' ಅಂತ ಬರದೆ. ತಪಾಸಕ್ಕ ಬಂದ ಸಾಹೇಬರು ಬಾಗಲದಾಗ ನಿಂತು 'ಪ್ರಯೋಗಾಲಯ ಮತ್ತು ಅಕ್ಕಿ' ಅಂತ ಎರಡು ಸಲ ಓದಿದ್ರು. ಅಳಸಾಕ ಹೇಳಿದ್ರು. ಮಾಸ್ತರು ಅಳಸಲಿಲ್ಲ. ಮರುದಿನ ನೋಡಿದ್ರ ಇದ್ದಲಿ ಅಕ್ಷರದ ಮ್ಯಾಲ ತಿದ್ದಿ, ಬಣ್ಣಾ ಎಳದು ಇನ್ನೂ ಗಟ್ಟಿ ಮಾಡಿದ್ರು. ಪೈಲವಾನರು ಹಿಡದ ಇಟ್ಟಂಗೀನ, ಬಾಗಲ ಬಡೀಬಾರದಂತ ಅದರ ಸಂದಿಗೆ ಇಟ್ಟಿದ್ರು.

ಇನ್ನೊಂದು ಹೇಳಬೇಕು. ಅವತ್ತು ಕಮಿಟಿ ಮುಂದ ಮಾಸ್ತರು, "ನಾಳೆನೂ ತೋಳು ನೋಯತೈತಿ, ಆ ಹುಳಿ ಅಲ್ಲೇ ಕುಂತಿರತೈತಿ" ಅಂದಿದ್ರು. ಹುಡುಗರಿಗೂ ಅದನ್ನ ಕಲಿಸಿದ್ರು. ಎಷ್ಟೋ ವರ್ಷ ಆದ ಮ್ಯಾಲ, ನಿವೃತ್ತಿ ಹತ್ರ ಬಂದಾಗ, ಒಂದಿನ ಮಧ್ಯಾಹ್ನ ಅಡಿಗಿ ಖೋಲಿಗೆ ಬಂದ್ರು. ಮಾರಿ ಇಷ್ಟು ಸಣ್ಣದಾಗಿತ್ತು. ಯಾರೋ ಸತ್ತಾರಂತ ತಿಳದೆ.

"ಅಕ್ಕಾರ, ನಾ ಹೇಳಿದ್ದು ತಪ್ಪಂತ. ಈಗ ಓದಿದೆ. ಮರುದಿನದ ನೋವು ಹುಳಿಯಿಂದ ಬರಂಗಿಲ್ಲ. ದಣಿವಾರಿಸಿಕೊಂಡು ಕುಂತ್ರ ಹುಳಿ ಅವತ್ತ ಹೋಗಿಬಿಡತೈತಿ. ಉಸಿರು ತಿರುಗಿ ಬಂದ ಮ್ಯಾಲ ಮೈ ಅದನ್ನೂ ಉರುವಲಾ ಮಾಡಿ ಸುಡತೈತಿ, ಒಗಿಯಂಗಿಲ್ಲ. ಮರುದಿನ ನೋಯೂದು ಖಂಡದ ಎಳಿ ಸಣ್ಣಗ ಹರದದ್ದಕ್ಕ. ಮಗ್ಗದಾಗ ಎಳಿ ಕಡದಂಗ. ಮಗ್ಗದ ಮನ್ಯಾಗ ಹುಟ್ಟಿ ನನಗ ಇದು ಹೊಳೀಲಿಲ್ಲ ನೋಡ್ರಿ."

"ಈಗ ಗೊತ್ತಾದ್ರಿಂದ ನೋವು ಕಡಿಮಿ ಆಕ್ಕತೇನ್ರಿ?"

"ಇಲ್ಲ."

"ಮತ್ತ ಯಾಕ ಬಂದ್ರಿ? ನನ್ನ ಒಗ್ಗರಣಿ ಹೊತ್ತಿತು."

"ತಪ್ಪು ಹೇಳಿದ್ನೆಲ್ಲಾ ಅಕ್ಕಾರ!"

ಹಂಗ ಊರೆಲ್ಲಾ ತಿರಗಿದ್ರು. ಕಲತು ಹೋದ ಹುಡುಗರ ಮನಿಗೆ ಹೋದ್ರು. ಅವರಾಗ ಲಗ್ನ ಆಗಿ ಮಕ್ಕಳಾದಾವರಿದ್ರು, ಬಾಡಗಂಡಿ ಸಕ್ಕರಿ ಕಾರ್ಖಾನ್ಯಾಗ ಕೆಲಸಕ್ಕ ಹತ್ತಿದಾವರಿದ್ರು. ಬಾಗಲ ಬಡದು, "ಲೇ, ಆ ಪಾಠ ತಿದ್ದಿಕೋ" ಅಂದ್ರು. ಪೈಲವಾನರ ಮನಿಗೂ ಹೋಗಿದ್ರಂತ. ಆದ್ರ ಪೈಲವಾನರು ಊರಾಗ ಇದ್ದಿಲ್ಲ. ಮಗಳ ಊರಿಗೆ ಹೋಗಿದ್ರು. ಆಮ್ಯಾಲ ಮಾಸ್ತರು ರಿಟೈರ ಆಗಿ ಬನಹಟ್ಟಿಗೆ ಹೋದ್ರು. ಪೈಲವಾನರಿಗೆ ಹೇಳೂದು ಉಳದ ಹೋತು. ಹೋಗೂ ದಿನ ಬಸ್ಸಿನ ಕಿಟಕಿಯಿಂದ ನನಗ ಒದರಿದ್ರು, "ಪೈಲವಾನರಿಗೆ ನೀವ ಹೇಳಬೇಕ್ರಿ ಅಕ್ಕಾರ!" ಬಸ್ಸಿನಾಗಿನ ಮಂದಿಯೆಲ್ಲಾ ನನ್ನ ನೋಡಿದ್ರು. ನಾ ಹೇಳಲಿಲ್ಲ. ನನಗ ಬ್ಯಾರೆ ಕೆಲಸ ಇಲ್ಲೇನು?

ಹೋದ ವಾರ ಶ್ರದ್ಧಾಂಜಲಿ ಇಟ್ಟಿದ್ರು. ಅದ ಖೋಲ್ಯಾಗ, ಅಕ್ಕಿ ಚೀಲದ ನಡುವ. ನಾನೂ ಈಗ ಅಡಿಗಿ ಬಿಟ್ಟೇನಿ, ಬ್ಯಾರೆದಾಕಿ ಬಂದಾಳ. ಪೈಲವಾನರು ಕೋಲೂರಕೋತ ಬಂದ್ರು. ಮೀಸಿ ಬೆಳ್ಳಗಾಗಿ ಇಳಬಿದ್ದೈತಿ. ಹೊಸಾ ಹೆಡ್‌ಮಾಸ್ತರು ಎದ್ದು ನಿಂತು ಎರಡು ನಿಮಿಷ ಮೌನ ಅಂದ್ರು. ಎಲ್ಲಾರೂ ತಲಿ ಬಗ್ಗಿಸಿದ್ರು. ಪೈಲವಾನರು ತಲಿ ಬಗ್ಗಿಸಲಿಲ್ಲ. ಕೋಲು ಗ್ವಾಡಿಗೆ ಆನಿಸಿ, ಬಾಗಲ ಸಂದ್ಯಾಗಿನ ಇಟ್ಟಂಗಿ ತಗೊಂಡು, ಕೈ ಚಾಚಿ ನಿಂತ್ರು.

ಎರಡು ನಿಮಿಷ ಆತು. ಎಲ್ಲಾರೂ ಕುಂತ್ರು. ಅವರು ಕುಂಡ್ರಲಿಲ್ಲ. ತೋಳು ನಡಗಾಕತ್ತಿತು. ಹುಡುಗರು ಕಿಸಕ್ ಅಂದ್ರು. ಹೆಡ್‌ಮಾಸ್ತರು, "ಅಜ್ಜಾರ, ಮೌನ ಮುಗೀತ್ರಿ" ಅಂದ್ರು. ಕೇಳಲಿಲ್ಲ.

ನಾ ಹತ್ರ ಹೋಗಿ, "ಇಳಸ್ರಿ ಪೈಲವಾನ್ರ. ಮಾಸ್ತರು ಹೋಗ್ಯಾರ. ಇಳಸಿದ್ರ ನೋಡಾಕ ಯಾರೂ ಇಲ್ಲಿಲ್ಲ" ಅಂದೆ.

"ಹೋಗ್ಯಾರಂತನ ಹಿಡದೇನಿ ಬೇ. ಇದ್ದಾಗ ಇವರು ಸಾಕಾದ್ರ ಇಳಸ್ರಿ ಅಂತಿದ್ರು. ಈಗ ಅನ್ನೂರು ಯಾರು?"

"ನಾ ಅಂತೇನಿ. ಸಾಕಾದ್ರ ಇಳಸ್ರಿ."

ಇಳಿಸಿದ್ರು. ಇಟ್ಟಂಗಿ ಇಸಕೊಂಡು ಸಂದಿಗೆ ಇಟ್ಟೆ. ಪೈಲವಾನರು ಅಕ್ಕಿ ಚೀಲದ ಮ್ಯಾಲ ಕುಂತು ತೋಳು ತಿಕ್ಕಿಕೊಂಡ್ರು. "ಯವ್ವಾ, ಹುಳಿ ಏರಿಬಿಟ್ಟೈತಿ. ನಾಳೆ ಕೈ ಎತ್ತಾಕ ಬರಂಗಿಲ್ಲ ನೋಡ" ಅಂದ್ರು.

"ನಾಳೆ ನೋಯೂದು ಹುಳಿಗಲ್ಲ" ಅಂದೆ. "ಎಳಿ ಹರದದ್ದಕ್ಕ. ತಿದ್ದಿಕೋರಿ."